ವೈ ಮೋಟರ್ ನಿಂತಲ್ಲೇ ಇದ್ರೂ ಎಸ್‌ವಿ 0368 ಬರ್ತದ, ಅದೂ ಎಕ್ಸ್ ಓಡುವಾಗ ಮಾತ್ರ

ಚಾಕಣ_ರಾತ್ರಿಪಾಳಿ:
ಎಲ್ಲಾರಿಗೂ ನಮಸ್ಕಾರ್ರಿ. ಪುಣೆ ಹತ್ರದ ಚಾಕಣ ಎಂಐಡಿಸಿ (ಕೈಗಾರಿಕಾ ಪ್ರದೇಶ) ಒಳಗ ಮೆಂಟೇನನ್ಸ್ ನೋಡ್ತೀನಿ, ಊರು ಇಂಡಿ ಕಡೆ. ನಮ್ಮಲ್ಲಿ ಒಂದು ಗ್ಯಾಂಟ್ರಿ ಮಿಲ್ಲಿಂಗ್ ಮಷೀನ್ ಐತಿ. ಟೇಬಲ್ ನಿಂತಿರ್ತದ, ಅದರ ಮ್ಯಾಲ ಕಮಾನಿನಂಗ ಇರೋ ಗ್ಯಾಂಟ್ರಿ ಎಕ್ಸ್ ಗುಂಟ ಓಡ್ತದ, ವೈ ಮೋಟರ್ ಗ್ಯಾಂಟ್ರಿ ಮ್ಯಾಲ ಐತಿ. ಎಕ್ಸ್ ಸ್ಟ್ರೋಕ್ 4 ಮೀಟರ್, ಕಂಟ್ರೋಲ್ ಫ್ಯಾನುಕ್.

ಎಕ್ಸ್ ರ‍್ಯಾಪಿಡ್‌ನಾಗ (ಪೂರಾ ವೇಗದಾಗ) ಪ್ಲಸ್ ಕಡೆ ಹೋಗುವಾಗ ಒಮ್ಮೊಮ್ಮೆ ವೈ ಆಕ್ಸಿಸ್ ಮ್ಯಾಲ ಎಸ್‌ವಿ 0368 ಸೀರಿಯಲ್ ಡೇಟಾ ಎರರ್ (ಮೋಟರಿನ ಸ್ಥಾನದ ಸುದ್ದಿ ಕಂಟ್ರೋಲಿಗೆ ಮುಟ್ಟಲಿಲ್ಲ ಅನ್ನೋ ಅಲಾರಂ) ಬರ್ತದ. ಆ ಹೊತ್ತಿಗೆ ವೈ ಅಲುಗಾಡಿರೋದೇ ಇಲ್ಲ. ಪವರ್ ಆಫ್ ಮಾಡಿ ಆನ್ ಮಾಡಿದ್ರ ಸುಮ್ನ ಓಡ್ತದ. ಹೊರಗಿನ ಸರ್ವಿಸ್‌ನವರು ಬಂದು ವೈ ಮೋಟರಿನ ಪಲ್ಸ್‌ಕೋಡರ್ (ಮೋಟರ್ ಎಷ್ಟು ತಿರುಗೇತಿ ಅಂತ ಹೇಳೋ ಎನ್‌ಕೋಡರ್) ಬದಲಿ ಮಾಡಿ ಹೋದ್ರು, ಅಲಾರಂ ಹಂಗೇ ಉಳೀತು. ಈಗ ಮೋಟರ್ ಓಡಿಸೋ ಆಂಪ್ಲಿಫೈಯರ್ ಬದಲಿಸೂಣ ಅನ್ನಾಕತ್ತಾರ. ಅದರ ರೇಟು ಕೇಳಿ ನಮ್ಮ ಮ್ಯಾನೇಜರ್ ತಲಿ ಮ್ಯಾಲ ಕೈ ಇಟ್ಕೊಂಡು ಕುಂತಾರ. ನನಗ ಡ್ರ್ಯಾಗ್ ಚೈನಿನ (ಗ್ಯಾಂಟ್ರಿ ಜೋಡಿ ಓಡೋ, ಕೇಬಲ್ ಹೊತ್ತ ಕೊಂಡಿ ಸರಪಳಿ) ಒಳಗಿನ ಕೇಬಲ್ ಮ್ಯಾಲ ಸಂಶಯ ಐತಿ. ಇಡೀ ಚೈನ್ ಬಿಚ್ಚದ ಖಾತ್ರಿ ಮಾಡ್ಕೊಳ್ಳಾಕ ದಾರಿ ಐತೇನ್ರಿ?

ಭೋಸರಿ_ಫಿಟ್ಟರ್:
ತಮ್ಮಾ, ಆಂಪ್ಲಿಫೈಯರಿಗೆ ಈಗ ಕೈ ಹಚ್ಚಬ್ಯಾಡ. ನಿಂತ ಆಕ್ಸಿಸ್ ಮ್ಯಾಲ ಅಲಾರಂ, ಅದೂ ಬ್ಯಾರೆ ಆಕ್ಸಿಸ್ ಓಡುವಾಗ ಅಂದ್ರ, ಓಡೋದು ಯಾವುದು ಅಂತ ಮೊದಲು ನೋಡು. ವೈ ಮೋಟರಿನ ಫೀಡ್‌ಬ್ಯಾಕ್ ಕೇಬಲ್ (ಪಲ್ಸ್‌ಕೋಡರಿನ ಸುದ್ದಿ ತರೋದು) ಎಕ್ಸ್ ಚೈನ್ ಒಳಗಿಂದನ ಬರ್ತದ. ಎರಡು ಮಾತು ಹೇಳು. ಅಲಾರಂ ಬಂದಾಗ ಸ್ಕ್ರೀನ್ ಮ್ಯಾಲ ಎಕ್ಸ್ ಎಷ್ಟಿರ್ತದ? ಎಕ್ಸ್ ಸೊನ್ನೀಗೆ ಬಂದಾಗ ಚೈನಿನ ಬಾಗು ಎಲ್ಲಿರ್ತದ?

ಚಾಕಣ_ರಾತ್ರಿಪಾಳಿ:
ಅಣ್ಣಾರ, ಆಪರೇಟರ್ ವಹಿಯೊಳಗ ಬರೆದಿದ್ದು ನೋಡಿದೆ. ಎಲ್ಲಾ ಸಲ 2400 ಆಜೂಬಾಜೂನ ಐತಿ. ಚೈನಿನ ಫಿಕ್ಸ್ ತುದಿ ಬೆಡ್ಡಿನ ನಡುವ ಐತಿ. ಎಕ್ಸ್ ಸೊನ್ನಿಯೊಳಗ ಬಾಗು ಅದರ ಬಗಲಾಗೇ ಬಂದು ಕೂಡ್ತದ. ಬಾಗಿನ ರೇಡಿಯಸ್ ಚೈನ್ ಮ್ಯಾಲ 150 ಅಂತ ಅಚ್ಚು ಹಾಕ್ಯಾರ.

ಭೋಸರಿ_ಫಿಟ್ಟರ್:
ಹಂಗಾದ್ರ ಹರಿದ ಜಾಗ ಕುಂತಲ್ಲೇ ಹೇಳಬಹುದು. ಗ್ಯಾಂಟ್ರಿ ಎಷ್ಟು ಸರೀತದೋ, ಚೈನಿನ ಬಾಗು ಅದರ ಅರ್ಧ ಸರೀತದ. ಸೊನ್ನಿಯೊಳಗ ಬಾಗು ಫಿಕ್ಸ್ ತುದಿಗಿದ್ರ, 2400ಕ್ಕ ಅದು ಅಲ್ಲಿಂದ 1200 ಮಿ.ಮೀ. ಮುಂದ ಹೋಗಿರ್ತದ. ಬಾಗು ಅಂದ್ರ ಅರ್ಧ ವರ್ತುಲ. 150 ರೇಡಿಯಸ್ಸಿಗೆ ಚೈನಿನ ಉದ್ದ ಸುಮಾರು 470. ಫಿಕ್ಸ್ ತುದಿಯಿಂದ ಚೈನ್ ಗುಂಟ ಟೇಪ್ ಹಿಡಿ, 1200ರಿಂದ 1670ರ ನಡುವ ಹುಡುಕು. ಆ ಹೊತ್ತಿನೊಳಗ ಬಾಗಿರೋದು ಅಷ್ಟು ಕೇಬಲ್ ಮಾತ್ರ, ಉಳಿದದ್ದೆಲ್ಲಾ ಸೀದಾ ಮಲಗಿರ್ತದ.

ಒಂದೇ ದಿಕ್ಕಿಗೆ ಹೋಗುವಾಗ ಬರೋದೂ ಸಹಜನ. ತಂತಿ ಪೂರಾ ಹರಿದಿರಂಗಿಲ್ಲ, ಎರಡು ತುದಿ ಒಂದಕ್ಕೊಂದು ತಾಗಿಕೊಂಡಿರ್ತಾವ. ಒಂದು ದಿಕ್ಕಿಗೆ ಓಡುವಾಗ ಎಳೆತಕ್ಕ ಬಾಯಿ ಬಿಡ್ತಾವ, ಇನ್ನೊಂದು ದಿಕ್ಕಿಗೆ ಓಡುವಾಗ ಮುಚ್ಕೋತಾವ. ಅದಕ್ಕ ಮಷೀನ್ ನಿಲ್ಲಿಸಿ ಮಲ್ಟಿಮೀಟರ್ ಹಚ್ಚಿದ್ರ ಎಲ್ಲಾ ಛಲೋನ ತೋರಸ್ತದ. ಆ ಬೀಪ್ ನಂಬಬ್ಯಾಡ.

ಠಾಣೆ_ಪ್ಯಾನೆಲ್:
ಭೋಸರಿಯವರು ಹೇಳಿದ ಲೆಕ್ಕ ಸರಿಯಾಗಿದೆ. ಚೈನ್ ಬಿಚ್ಚುವ ಮೊದಲು ಒಂದು ಪರೀಕ್ಷೆ ಮಾಡಿ ಮಾರಾಯ್ರೇ. ಬೇರೊಂದು ಫೀಡ್‌ಬ್ಯಾಕ್ ಕೇಬಲನ್ನು ಚೈನಿನ ಹೊರಗಿನಿಂದಲೇ ಎಳೆದು ವೈ ಮೋಟರಿಗೆ ತಾತ್ಕಾಲಿಕವಾಗಿ ಜೋಡಿಸಿ. ಗ್ಯಾಂಟ್ರಿಯ ಹತ್ತಿರ ಯಾರೂ ನಿಲ್ಲಬಾರದು. ರ‍್ಯಾಪಿಡ್ ಓವರ್‌ರೈಡ್ ಕನಿಷ್ಠಕ್ಕೆ ಇಳಿಸಿ 2400ರ ಆಚೆ ಈಚೆ ಓಡಿಸಿ. ಹಳೆ ಕೇಬಲಿನಲ್ಲೂ ಅದೇ ವೇಗಕ್ಕೆ ಅಲಾರಂ ಬರುತ್ತದೆಯೇ ಎಂದು ಮೊದಲು ನೋಡಿಕೊಳ್ಳಿ, ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ.

ಇನ್ನೊಂದು ಎಚ್ಚರಿಕೆ. ಆಬ್ಸಲ್ಯೂಟ್ ಪಲ್ಸ್‌ಕೋಡರಿನ ಸ್ಥಾನದ ನೆನಪನ್ನು ಬ್ಯಾಟರಿ ಕಾಯುವುದು ಇದೇ ಕೇಬಲ್ ಮೂಲಕ. ಕನೆಕ್ಟರ್ ಕಳಚಿದರೆ ರೆಫರೆನ್ಸ್ (ಸೊನ್ನೆಯ ಜಾಗ) ಹೋಗಿ ಡಿಎಸ್ 0300 ಅಲಾರಂ ಬರಬಹುದು. ಆದ್ದರಿಂದ ಮೊದಲೇ ವೈಯನ್ನು ಗೊತ್ತಿರುವ ಒಂದು ಜಾಗದಲ್ಲಿ ನಿಲ್ಲಿಸಿ, ಡಯಲ್ ಗೇಜ್ ಹಚ್ಚಿ, ಗುರುತು ಹಾಕಿಕೊಳ್ಳಿ. ಆಮೇಲೆ ಪ್ಯಾರಾಮೀಟರ್ 1815ರ 4ನೇ ಬಿಟ್‌ನಿಂದ ಸೊನ್ನೆಯನ್ನು ಮತ್ತೆ ಕೂರಿಸಬೇಕಾಗುತ್ತದೆ. ಪ್ಯಾರಾಮೀಟರ್‌ಗಳ ಬ್ಯಾಕಪ್ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ. ಮೆಗ್ಗರ್ (ಹೆಚ್ಚು ವೋಲ್ಟಿನಲ್ಲಿ ಇನ್ಸುಲೇಷನ್ ಪರೀಕ್ಷಿಸುವ ಮೀಟರ್) ಹಾಕುವ ಯೋಚನೆ ಇದ್ದರೆ ಅದು ಮೋಟರಿನ ಪವರ್ ಕೇಬಲಿಗೆ ಮಾತ್ರ, ಅದೂ ಎರಡೂ ತುದಿ ಕಳಚಿದ ಮೇಲೆ. ಎನ್‌ಕೋಡರಿಗೆ 500 ವೋಲ್ಟ್ ಹೊಡೆದರೆ ಅಲ್ಲಿಗೆ ಅದರ ಕತೆ ಮುಗಿಯಿತು.

ಚಾಕಣ_ರಾತ್ರಿಪಾಳಿ:
ಗುರುವಾರ ನಮ್ಮ ಕಡೆ ಸುಟ್ಟಿ ಇರ್ತದಲ್ರಿ, ಅವತ್ತು ಮಾಡಿದ್ವಿ. ಕಡಿಮಿ ವೇಗದಾಗೂ ಹಳೇ ಕೇಬಲ್ ಮ್ಯಾಲ ಅಲಾರಂ ಬಂತು. ಹೊರಗಿಂದ ಕೇಬಲ್ ಎಳದ ಮ್ಯಾಲ ಎಷ್ಟು ಓಡಿಸಿದ್ರೂ ಬರಲಿಲ್ಲ. ಆಮ್ಯಾಲ ಟೇಪ್ ಹಿಡಿದು ಆ ಜಾಗದ ಕ್ರಾಸ್‌ಬಾರ್ ತೆಗೆದ್ವಿ. 1400 ಹತ್ರ ಫೀಡ್‌ಬ್ಯಾಕ್ ಕೇಬಲ್ ಚಪ್ಪಟ್ಟಿ ಆಗೇತಿ. ಮಿಸ್ಟ್ ಕೂಲೆಂಟ್ ಹಾಕಿಸಿದಾಗ ಯಾರೋ ಕಾಂಟ್ರ್ಯಾಕ್ಟರ್ ಒಂದು ಏರ್ ಪೈಪ್ ತುರುಕ್ಯಾರ. ಆ ಪೈಪ್ ಕೇಬಲ್ ಮ್ಯಾಲ ಹತ್ತಿ ಕುಂತೈತಿ. ಅದೂ ಸಾಲದಂತ ಚೈನ್ ಒಳಗ ಎಲ್ಲಾ ಕೂಡಿಸಿ ಕೇಬಲ್ ಟೈ ಬಿಗದಾರ. ಆಂಪ್ಲಿಫೈಯರ್ ಆರ್ಡರ್ ನಿಲ್ಲಿಸೀನ್ರಿ. ಹರಿದ ಜಾಗ ಕತ್ತರಿಸಿ ಜಾಯಿಂಟ್ ಹಾಕಲೇ, ಪೂರಾ ಬದಲಿ ಮಾಡಲೇ?

ಭೋಸರಿ_ಫಿಟ್ಟರ್:
ಓಡೋ ಚೈನ್ ಒಳಗ ಜಾಯಿಂಟ್ ಬ್ಯಾಡವೇ ಬ್ಯಾಡ. ಜಾಯಿಂಟ್ ಗಡಸು ಇರ್ತದ, ಅದರ ಬಗಲಾಗಿನ ತಂತಿ ಮತ್ತ ಅಲ್ಲೇ ಹರೀತದ. ಪೂರಾ ಉದ್ದ ಬದಲಿಸು.

ಕೇಬಲ್ ತರುವಾಗ ‘ಫ್ಲೆಕ್ಸಿಬಲ್’ ಅಂದಿದ್ದಕ್ಕ ಮರುಳಾಗಬ್ಯಾಡ. ಅದು ಕೈಲೆ ಬಗ್ಗಸ್ತದ ಅಂತ ಅಷ್ಟ. ಡ್ರ್ಯಾಗ್ ಚೈನಿಗೆ ಅಂತನ ಮಾಡಿದ್ದು ಬೇಕು, ಕ್ಯಾಟಲಾಗ್‌ನಾಗ ಓಡುವಾಗಿನ ಬಾಗಿನ ರೇಡಿಯಸ್ ಬ್ಯಾರೇನೇ ಬರೆದಿರ್ತಾರ. ಕೇಬಲಿನ ದಪ್ಪದ 10 ಪಟ್ಟು ಅಂತಿದ್ರ, ನಿನ್ನ 150 ರೇಡಿಯಸ್ಸಿಗೆ 15 ಮಿ.ಮೀ. ದಪ್ಪದ ತನಕ ನಡೀತದ. ಕೂಲೆಂಟ್ ಬೀಳೋ ಜಾಗ ಅಂದ್ರ ಪಿಯುಆರ್ (ಪಾಲಿಯುರೆಥೇನ್) ಹೊದಿಕಿ ತಗೋ. ಪಿವಿಸಿ ಎಣ್ಣಿಯೊಳಗ ಗಡಸಾಗಿ ಬಿರೀತದ.

ಹಾಕೋ ರೀತಿ ಇನ್ನೂ ಮುಖ್ಯ. ಸುರುಳಿಯಿಂದ ಒಂದೊಂದೇ ಸುತ್ತು ಎತ್ತಿ ಎಳೆದ್ರ ಪ್ರತಿ ಸುತ್ತಿಗೂ ಒಂದು ತಿರುವು ಒಳಗ ಸೇರ್ತದ. ಡ್ರಮ್ ಉರುಳಿಸಿ ಬಿಚ್ಚು, ಒಂದು ದಿನ ನೆಲದ ಮ್ಯಾಲ ಸೀದಾ ಮಲಗಿಸು, ಆಮ್ಯಾಲ ಚೈನಿಗೆ ಹಾಕು. ತಿರುವು ಉಳಿದ ಕೇಬಲ್ ಕೆಲವು ತಿಂಗಳಿನ್ಯಾಗ ಹಗ್ಗ ಹುರಿಗೊಂಡಂಗ ಆಗ್ತದ, ಒಳಗಿನ ತಂತಿ ಒಂದರ ಮ್ಯಾಲ ಒಂದು ಏರ್ತಾವ. ಕೇಬಲ್ ಸುತ್ತ ಅದರ ದಪ್ಪದ 10%, ಏರ್ ಪೈಪಿಗೆ 20% ಜಾಗ ಬಿಡು. ಪೈಪಿನೊಳಗ ಒತ್ತಡ ಬಂದಾಗ ಅದರ ಉದ್ದ, ದಪ್ಪ ಎರಡೂ ಬದಲಾಗ್ತಾವ, ಅದಕ್ಕ ಅದಕ್ಕೊಂದು ಬ್ಯಾರೆ ಖಾನೆ ಬೇಕೇ ಬೇಕು. ಭಾರದ ಕೇಬಲ್ ಎರಡು ಅಂಚಿಗೆ, ಹಗುರಾದವು ನಡುವ. ಬಿಗಿಯೋದು ಎರಡು ತುದಿಗೆ ಕೇಬಲ್ ಹಿಡಿಯೋ ಸ್ಟ್ರೈನ್ ರಿಲೀಫ್‌ನಾಗ ಮಾತ್ರ. ನಡುವ ಒಂದು ಟೈ ಸೈತ ಇರಬಾರದು. ಕಡೀಗೆ ಬಾಗಿನೊಳಗ ಇಣುಕು. ಕೇಬಲ್ ಹೊರಗಿನ ಪಟ್ಟಿಗೂ ಒರಗಬಾರದು, ಒಳಗಿನದಕ್ಕೂ ಎಳೀಬಾರದು.

ಚಾಕಣ_ರಾತ್ರಿಪಾಳಿ:
ಪೂರಾ ಬದಲಿ ಮಾಡಸ್ತೀನ್ರಿ ಅಣ್ಣಾರ. ಇನ್ನೊಂದು ಪ್ರಶ್ನಿ. ಹರಿಯೋಕ್ಕಿಂತ ಮೊದಲೇ ಗೊತ್ತಾಗೋ ಹಂಗ ಏನರ ಕೂಡಸಬಹುದಾ? ಕಂಟ್ರೋಲ್ ಕೇಬಲಿನ್ಯಾಗ ಮೂರು ತಂತಿ ಖಾಲಿ ಅದಾವ.

ಠಾಣೆ_ಪ್ಯಾನೆಲ್:
ಖಾಲಿ ತಂತಿಗಳನ್ನು ಗ್ಯಾಂಟ್ರಿ ಕಡೆ ಒಂದಕ್ಕೊಂದು ಸೇರಿಸಿ ಸರಣಿಯಾಗಿ 24 ವೋಲ್ಟ್ ಹಾಯಿಸಿ ಮಷೀನಿನ ಸಿಗ್ನಲ್ ನೋಡುವ ಪಿಎಲ್‌ಸಿ ಇನ್‌ಪುಟ್ಟಿಗೆ ಕೊಡುವುದು ಹಳೆಯ ಉಪಾಯ, ಖರ್ಚಿಲ್ಲ. ಮೂರರಲ್ಲಿ ಎರಡು ಸಾಕು, ಒಂದು ಹೋಗಲಿಕ್ಕೆ, ಒಂದು ಬರಲಿಕ್ಕೆ. ಆದರೆ ಅದರ ಮಿತಿ ತಿಳಿದಿರಲಿ. ಅದು ಆ ಕಂಟ್ರೋಲ್ ಕೇಬಲಿನ ಆರೋಗ್ಯ ಹೇಳುತ್ತದೆಯೇ ಹೊರತು ಪಕ್ಕದ ಫೀಡ್‌ಬ್ಯಾಕ್ ಕೇಬಲಿನದ್ದಲ್ಲ. ಸಂಪರ್ಕ ಕ್ಷಣಮಾತ್ರ ತಪ್ಪಿದರೂ ಎನ್‌ಕೋಡರಿನ ಸೀರಿಯಲ್ ಸಂಪರ್ಕಕ್ಕೆ ಗೊತ್ತಾಗುತ್ತದೆ. ಪಿಎಲ್‌ಸಿ ತನ್ನ ಸ್ಕ್ಯಾನ್ ಬರುವಷ್ಟರಲ್ಲಿ ತಂತಿ ಮತ್ತೆ ಕೂಡಿರುತ್ತದೆ. ಆಪ್ಟೊಕಪ್ಲರ್ (ಬೆಳಕಿನ ಮೂಲಕ ಸಿಗ್ನಲ್ ದಾಟಿಸುವ ಬಿಡಿಭಾಗ) ಇಟ್ಟು ಒಂದು ಸಣ್ಣ ಲ್ಯಾಚ್ ಸರ್ಕ್ಯೂಟ್ ಮಾಡಿದರೆ ಒಮ್ಮೆ ತಪ್ಪಿದ್ದು ಕೈಯಾರೆ ರಿಸೆಟ್ ಮಾಡುವವರೆಗೆ ಹಾಗೇ ನಿಲ್ಲುತ್ತದೆ.

ನನಗೆ ಹೆಚ್ಚು ನಂಬಿಕೆ ಇರುವುದು ಎಕ್ಸ್ ಸರ್ವೋ ಲೋಡಿನ ಮೇಲೆ. ವಾರಕ್ಕೊಮ್ಮೆ, ಸ್ಪಿಂಡಲ್ ನಿಲ್ಲಿಸಿ, ಒಂದೇ ಫೀಡ್‌ನಲ್ಲಿ ಇಡೀ ಸ್ಟ್ರೋಕ್ ಎರಡೂ ದಿಕ್ಕಿಗೆ ಓಡಿಸಿ ಲೋಡ್ ಮೀಟರ್ ಬರೆದಿಡಿ. ಚೈನಿನ ಪಿನ್ ಬಿಗಿಯಾದರೆ, ಚಿಪ್ಸ್ ಸಿಕ್ಕಿಕೊಂಡರೆ ಒಂದು ಜಾಗದಲ್ಲಿ ಲೋಡ್ ಏರುತ್ತದೆ. ಗೈಡ್‌ವೇ ಎಣ್ಣೆ ಕಡಿಮೆಯಾದರೂ ಏರುತ್ತದೆ, ಅದನ್ನು ಮೊದಲು ನೋಡಿ. ಡಯಾಗ್ನೋಸಿಸ್ 300ರಲ್ಲಿ ಪೊಸಿಷನ್ ಎರರ್ ಕೂಡ ಕಾಣುತ್ತದೆ.

ದುಡ್ಡು ಸಿಕ್ಕರೆ ಸಿದ್ಧ ವ್ಯವಸ್ಥೆಗಳೂ ಇವೆ. ಜರ್ಮನಿಯ ಕಲೋನಿನ ಇಗಸ್ ಕಂಪನಿಯ ಐಸೆನ್ಸ್ ಸರಣಿಯಲ್ಲಿ ಒಂದು ಸೆನ್ಸರ್ ಚೈನಿನ ಓಡುವ ತುದಿಯ ಎಳೆತ ಮತ್ತು ತಳ್ಳುವಿಕೆಯ ಬಲ ಅಳೆದು, ಮಿತಿ ಮೀರಿದರೆ ಮಷೀನ್ ನಿಲ್ಲಿಸಲು ಸಿಗ್ನಲ್ ಕೊಡುತ್ತದೆ. ಇನ್ನೊಂದು ಚೈನಿನ ಕೊಂಡಿ ಮುರಿದದ್ದನ್ನು ಹಿಡಿಯುತ್ತದೆ. ಹತ್ತಾರು ಮೀಟರಿನ ಕ್ರೇನಿಗೆ ಅದು ಬೇಕೇ ಬೇಕು. ನಿಮ್ಮ 4 ಮೀಟರಿಗೆ ಈ ಹಂತದಲ್ಲಿ ಲೋಡ್ ವಹಿ ಮತ್ತು ಸರಿಯಾದ ಖಾನೆಗಳೇ ಸಾಕು ಎಂದು ನನ್ನ ಅಭಿಪ್ರಾಯ.

ಚಾಕಣ_ರಾತ್ರಿಪಾಳಿ:
ಹೊಸಾ ಕೇಬಲ್ ಬಂತ್ರಿ. ಒಂದು ದಿನ ಶಾಪ್ ಫ್ಲೋರ್ ಮ್ಯಾಲ ಮಲಗಿಸಿ ಹಾಕೀವಿ, ಏರ್ ಪೈಪಿಗೆ ಬ್ಯಾರೆ ಖಾನೆ ಮಾಡೀವಿ. ಅಲಾರಂ ಇಲ್ಲ. ಲೋಡ್ ಬರಿಯೋ ತಕ್ತೆ ಮಷೀನಿಗೆ ತೂಗು ಹಾಕೀನಿ. ಫೀಡ್‌ಬ್ಯಾಕ್ ಕೇಬಲಿನ ಶೀಲ್ಡ್ (ಹೊರಗಿನ ವಿದ್ಯುತ್ ಗದ್ದಲ ತಡಿಯೋ ಲೋಹದ ಜಾಳಿಗಿ) ಹಳೇದ್ರಾಗ ಜಡಿ ಹಾಕಿ ಟರ್ಮಿನಲ್ಲಿಗೆ ಕಟ್ಟಿದ್ರು, ಹಂಗೇ ಬಿಡಲೇನ್ರಿ?

ಠಾಣೆ_ಪ್ಯಾನೆಲ್:
ಬೇಡ. ಹೊದಿಕೆ ಸುಲಿದು ಶೀಲ್ಡಿನ ಸುತ್ತ ಪೂರ್ತಿ ಅಪ್ಪುವ ಕ್ಲ್ಯಾಂಪ್ ಹಾಕಿ ಪ್ಯಾನೆಲಿನ ಅರ್ತ್ ಪ್ಲೇಟಿಗೆ ಕೂರಿಸಿ. ಆಂಪ್ಲಿಫೈಯರಿಗೆ ಸಾಧ್ಯವಾದಷ್ಟು ಹತ್ತಿರ ಇರಲಿ.