ಕಣದ ರೋಬೋಟ್‌ಗೆ ಗೊತ್ತಿಲ್ಲದ ವಸ್ತು ಎದುರಾದರೆ ತಡೆಯುವುದು ಹೇಗೆ?

ಮೂಡಿಗೆರೆ ತೋಟ:
ಕಣದಲ್ಲಿ ಕಾಫಿ ಕೆದಕಲು ಅಣ್ಣನ ಮಗ ಒಂದು ಸಣ್ಣ ರೋಬೋಟ್ ಮಾಡಿದ್ದಾನೆ. ಹಾಸನದಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಕ್ಯಾಮೆರಾದಲ್ಲಿ ನೋಡಿಕೊಂಡು ಅದು ತಾನೇ ಓಡಾಡುತ್ತದೆ. ಅದಕ್ಕೆ ಕಲಿಸಿರುವುದು ಮೂರೇ: ಕಾಫಿ, ಮನುಷ್ಯ, ನಾಯಿ. ಫೋಟೋ ಎಲ್ಲ ಬಿಸಿಲಲ್ಲಿ ತೆಗೆದದ್ದು. ಮೊನ್ನೆ ಬೆಳಿಗ್ಗೆ ಸಿಕ್ಕಾಪಟ್ಟೆ ಮಂಜು. ಇಬ್ಬನಿ ಬೀಳದಿರಲಿ ಅಂತ ರಾಶಿಗೆ ಹೊದಿಸಿದ್ದ ನೀಲಿ ಟಾರ್ಪಾಲ್ ನೋಡಿ ‘ಕಾಫಿ, ಶೇ. 97’ ಅಂತ ಸೀದಾ ನುಗ್ಗಿತು. ಟಾರ್ಪಾಲ್ ಹರಿದದ್ದು ಹೋಗಲಿ, ಕೆಲಸದವರ ಮಕ್ಕಳು ಅಲ್ಲೇ ಆಡುತ್ತಿರುತ್ತಾರೆ. ಶೇ. 99 ಬಂದರೆ ಮಾತ್ರ ಮುಂದೆ ಹೋಗು ಅಂತ ಇಟ್ಟರೆ ಸಾಕಾ?

ಆಲೂರು ಹುಡುಗ:
ಸಾಕು ಸಾರ್. ಮಂಜಿನ ಫೋಟೋ ಜಾಸ್ತಿ ಹಾಕಿ ಇನ್ನೊಂದ್ಸಲ ಕಲಿಸಿ.

ಹಾಸನದ ಟೆಸ್ಟರ್:
ಸಾಕಾಗಲ್ಲ. ನಾನು ವಾಹನಗಳ ಸಾಫ್ಟ್‌ವೇರ್ ಪರೀಕ್ಷೆ ಮಾಡುವವಳು, ಇಂಥ ‘ಶೇ. 97’ಗಳನ್ನು ದಿನಾ ನೋಡ್ತೀನಿ. ಮೂರೇ ಹೆಸರು ಗೊತ್ತಿರುವ ಮಾಡೆಲ್, ಅಂದರೆ ಫೋಟೋ ನೋಡಿ ಕಲಿತ ಪ್ರೋಗ್ರಾಂ, 100ನ್ನು ಆ ಮೂರಕ್ಕೇ ಹಂಚಬೇಕು. ‘ಇದ್ಯಾವುದೂ ಅಲ್ಲ’ ಅನ್ನಲು ಅದಕ್ಕೆ ಖಾನೆಯೇ ಇಲ್ಲ. ಟಾರ್ಪಾಲ್ ಮನುಷ್ಯನ ಹಾಗಿಲ್ಲ, ನಾಯಿಯ ಹಾಗಿಲ್ಲ, ಉಳಿದದ್ದು ಕಾಫಿ! ಮಿತಿ ಏರಿಸಿದರೆ ನಾಳೆ ಇನ್ನೇನಕ್ಕೋ 99.5 ಕೊಡುತ್ತದೆ.

ಮಂಜಿನ ಫೋಟೋ ಹಾಕಿ, ಬೇಡ ಅನ್ನಲ್ಲ. ಆದರೆ ಎದುರಿಗೆ ಬರುವುದನ್ನೆಲ್ಲ ಮೊದಲೇ ಫೋಟೋ ತೆಗೆದಿಡೋಕಾಗುತ್ತಾ? 2017ರಲ್ಲಿ ವೋಲ್ವೋದ ಪ್ರಾಣಿ ಗುರುತಿಸುವ ವ್ಯವಸ್ಥೆ ಆಸ್ಟ್ರೇಲಿಯಾದ ಕಾಂಗರೂ ಮುಂದೆ ತಬ್ಬಿಬ್ಬಾಯಿತು. ದೂರ ಅಳೆಯಲು ಅದು ನೆಲ ನೋಡುತ್ತಿತ್ತು. ಕಾಂಗರೂ ಹಾರಿದರೆ ದೂರ ಹೋದಂತೆ, ಇಳಿದರೆ ಹತ್ತಿರ ಬಂದಂತೆ ಕಂಡಿತು.

ಕಾವಲು ಮಾಡೆಲ್‌ನ ಹೊರಗಿರಬೇಕು. ಮೊದಲು ಬಂಪರ್ ಸ್ವಿಚ್ (ಏನಾದರೂ ತಾಗಿದರೆ ಒತ್ತುವಂಥದ್ದು), ಅಲ್ಟ್ರಾಸಾನಿಕ್ ಸೆನ್ಸರ್ (ಶಬ್ದದಿಂದ ದೂರ ಅಳೆಯುವಂಥದ್ದು) ಹಾಕಿಸಿ. ಏನಾದರೂ ಅಡ್ಡ ಬಂದರೆ ಮೋಟರ್‌ಗೆ ಕರೆಂಟ್ ಕಟ್, ಮಾಡೆಲನ್ನು ಕೇಳೋದೇ ಬೇಡ. ಆಮೇಲೆ, ಮಾಡೆಲ್‌ನ ಒಳಪದರದ ಅಂಕಿ (ಚಿತ್ರವನ್ನು ಅದು ಒಳಗೆ ಅಂಕಿಗಳಾಗಿ ಬದಲಿಸಿಕೊಂಡಿರುತ್ತದೆ) ತೆಗೆದು, ಇವತ್ತಿನ ಚಿತ್ರ ಕಲಿತ ಚಿತ್ರಗಳಿಂದ ಎಷ್ಟು ದೂರ, ಅಂದರೆ ಎಷ್ಟು ಬೇರೆ, ಅಂತ ಅಳೆಯಲು ಹೇಳಿ; ಒಂದು ಮಿತಿ ದಾಟಿದರೆ ನಿಲ್ಲಲಿ. ಮಹಾಲನೋಬಿಸ್ ದೂರ ಅಂತ ಹುಡುಕಿದರೆ ಸಿಗುತ್ತದೆ. ನಮ್ಮ ಪಿ.ಸಿ. ಮಹಾಲನೋಬಿಸ್ 1936ರಲ್ಲಿ ಕೊಟ್ಟ ಲೆಕ್ಕ, ಈಗ ಇದಕ್ಕೂ ಬಳಸುತ್ತಾರೆ.

ಸ್ವಿಚ್ ಯಾಕೆ ಮೊದಲು ಅಂದೆ ಗೊತ್ತಾ? 2018ರಲ್ಲಿ ಅಮೆರಿಕದ ಟೆಂಪೆಯಲ್ಲಿ ಊಬರ್‌ನ ಪರೀಕ್ಷಾ ಕಾರು ರಸ್ತೆ ದಾಟುತ್ತಿದ್ದ ಮಹಿಳೆಗೆ ಗುದ್ದಿತು. ಆಕೆ ಅದಕ್ಕೆ 5.6 ಸೆಕೆಂಡ್ ಮೊದಲೇ ಕಂಡಿದ್ದರು. ವಾಹನ, ಬೇರೇನೋ, ಸೈಕಲ್ ಅಂತ ಹೆಸರು ಬದಲಿಸುತ್ತಾ ಹೋಯಿತು. ಕಾರಿನ ಸ್ವಂತ ತುರ್ತು ಬ್ರೇಕನ್ನು ಆಫ್ ಮಾಡಿಟ್ಟಿದ್ದರು.

ಮೂಡಿಗೆರೆ ತೋಟ:
ಅಂದ್ರೆ ಮಂಜು ಬಿದ್ದ ದಿನ ನಿಂತೇ ಇರುತ್ತಾ ಮೇಡಂ? ಹೀಗಾದ್ರೆ ಡಿಸೆಂಬರ್‌ನಲ್ಲಿ ಕಾಫಿ ಒಣಗಿದ ಹಾಗೇ.

ಹಾಸನದ ಟೆಸ್ಟರ್:
ನಿಲ್ಲಲಿ ಬಿಡಿ, ಬಿಸಿಲು ಬರೋವರೆಗೆ ಹೇಗೂ ಕೆದಕಲ್ಲ ಅಲ್ವಾ? ಕಣದಲ್ಲಿ ನಿಂತರೆ ಯಾರಿಗೂ ಏಟಾಗಲ್ಲ. ಚಾರ್ಮಾಡಿ ತಿರುವಿನಲ್ಲಿ ಕಾರು ಹಾಗೆ ನಿಂತರೆ ಹಿಂದಿನ ಬಸ್ಸಿನವರ ಗತಿ? ನಿಮ್ಮದು ಸುಲಭದ ಕೇಸು.

ಆದರೆ ಸುಮ್ಸುಮ್ನೆ ನಿಲ್ಲುತ್ತಿದ್ದರೆ ಯಾರೋ ಬೇಜಾರಾಗಿ ಸೆನ್ಸರ್ ವೈರ್ ಕೀಳುತ್ತಾರೆ. ಅದಕ್ಕೇ ನಿಂತಾಗಲೆಲ್ಲ ಫೋಟೋ ಉಳಿಸಲು ಹೇಳಿ, ವಾರಕ್ಕೊಮ್ಮೆ ಕೂತು ನೋಡಿ. ಲೆನ್ಸ್ ಮೇಲೆ ಬರೀ ಇಬ್ಬನಿ ಇದ್ದರೆ ಒರೆಸಿ ಬಿಡಿ, ಮಿತಿ ಸಡಿಲ ಮಾಡಬೇಡಿ.