ಪ್ರಶ್ನೋತ್ತರ: ಹಳೆಯ ಜರ್ಮನ್ ಪಿಸ್ತೂಲ್ ಹೋಲ್‌ಸ್ಟರ್ ಅಸಲಿಯೋ ನಕಲಿಯೋ?

ಪ್ರಶ್ನೆ: ಸರ್, ಸ್ಟುಟ್‌ಗಾರ್ಟ್‌ನ ಹಳೇ ಸಾಮಾನಿನ ಸಂತೆಯಲ್ಲಿ ಲೂಗರ್ ಪಿ08 ಪಿಸ್ತೂಲಿನ ಕಪ್ಪು ಹೋಲ್‌ಸ್ಟರ್ (ಸೊಂಟಕ್ಕೆ ಕಟ್ಟುವ ತೊಗಲಿನ ಚೀಲ) ಸಿಕ್ಕಿದೆ. ಒಳಗೆ ‘ಬಿ.ಎ.’, ರೋಮನ್ ಅಂಕಿಯಲ್ಲಿ 14, ಕೆಳಗೆ 1915 ಎಂಬ ಅಚ್ಚು. ಮಾರುವವರು ಎರಡನೇ ಮಹಾಯುದ್ಧದ್ದು ಅಂತಾರೆ. ಯಾವುದನ್ನು ನಂಬಲಿ?

ಉತ್ತರ: ಎರಡೂ ನಿಜವಿರಬಹುದು: 1915ರದನ್ನೇ ಎರಡನೇ ಯುದ್ಧದಲ್ಲೂ ಬಳಸಿರಬಹುದು. ಬಿ.ಎ. ಅಂದರೆ ಸೇನಾ ದಳದ ಉಡುಪು-ಸಾಮಗ್ರಿ ಕಚೇರಿ. 14ನೇ ದಳದ ಕೇಂದ್ರ ಕಾರ್ಲ್ಸ್‌ರೂಹದಲ್ಲಿತ್ತು. ಆಗಿನ ಹೋಲ್‌ಸ್ಟರ್‌ಗಳು ಕಂದು. ಮುಂದೆ ಮತ್ತೆ ಬಳಕೆಗೆ ತೆಗೆದಾಗ ಎಷ್ಟೋ ಹೋಲ್‌ಸ್ಟರ್‌ಗಳಿಗೆ ಕಪ್ಪು ಬಣ್ಣ ಹಾಕಿದರು. ಹಿಂಬದಿಯ ಬೆಲ್ಟ್ ಕುಣಿಕೆಗಳ ಅಡಿ ಮತ್ತು ಮ್ಯಾಗಜಿನ್ (ಗುಂಡು ತುಂಬುವ ಡಬ್ಬಿ) ಇಡುವ ಚೀಲದ ಒಳಭಾಗಕ್ಕೆ ಟಾರ್ಚ್ ಹಿಡಿಯಿರಿ. ಅಲ್ಲಿ ಕಂದು ಉಳಿದಿದ್ದರೆ ಆ ಕಥೆ ಹೊಂದುತ್ತದೆ. ಆದರೆ ಮೊನ್ನೆ ಮೊನ್ನೆ ಬಳಿದ ಬಣ್ಣದ ಕೆಳಗೂ ಕಂದು ಇರುತ್ತದೆ. ಆದ್ದರಿಂದ ಸವೆದ ಅಂಚು ನೋಡಿ. ಉಜ್ಜಿ ತೊಗಲು ತೆರೆದ ಜಾಗದಲ್ಲೂ, ಹರಿದ ನೂಲಿನ ತುದಿಯಲ್ಲೂ ಬಣ್ಣ ಒಂದೇ ಸಮ ಕೂತಿದ್ದರೆ, ಸವೆದ ಮೇಲೆ ಬಳಿದಿದ್ದಾರೆ.

ಪ್ರಶ್ನೆ: ಅಚ್ಚನ್ನು ಹೇಗೆ ಪರೀಕ್ಷಿಸೋದು? ಹದ್ದಿನ ಚಿತ್ರ, ‘ವಾ.ಆ.’ (ಸೇನೆಯ ಶಸ್ತ್ರಾಸ್ತ್ರ ಕಚೇರಿ) ಸಂಖ್ಯೆ ಎಲ್ಲ ಸ್ಪಷ್ಟವಾಗಿದ್ದರೆ ಸಾಕಾ?

ಉತ್ತರ: ಸಾಲದು. ನಕಲಿ ಕೆಲಸ ಹೆಚ್ಚು ನಡೆಯೋದೇ ಅಚ್ಚಿನಲ್ಲಿ. ಹತ್ತು ಪಟ್ಟು ದೊಡ್ಡದು ತೋರುವ ಭೂತಗನ್ನಡಿ, ಓರೆ ಬೆಳಕು ಬೇಕು. ಅಸಲಿ ಅಚ್ಚು ಬಿದ್ದಿದ್ದು ತೊಗಲು ಹೊಸದಿದ್ದಾಗ. ಹಾಗಾಗಿ ಅಕ್ಷರದ ಅಂಚು ದುಂಡಗಾಗಿ, ತಳದಲ್ಲಿ ಹಳೆಯ ಕೊಳೆ-ಮೇಣ ಕೂತು, ಗೀರು ಸುಕ್ಕುಗಳು ಅಕ್ಷರವನ್ನು ದಾಟಿ ಹೋಗಿರುತ್ತವೆ. ಒಣಗಿದ ಹಳೇ ತೊಗಲಿಗೆ ಈಗ ಹೊಡೆದ ಅಚ್ಚಾದರೆ ಮೇಲ್ಪದರ ಅಕ್ಷರದ ಸುತ್ತ ಸಣ್ಣಗೆ ಬಿರಿಯುತ್ತದೆ, ತಳದ ಬಣ್ಣ ತಿಳಿಯಾಗಿರುತ್ತದೆ, ಸುಕ್ಕು ಅಕ್ಷರದ ಅಡಿ ಹೋಗುತ್ತದೆ. ಎಸ್‌ಎಸ್ (ನಾಜಿ ಪಕ್ಷದ ಪಡೆ) ಗುರುತಿದೆ ಎಂದು ಹೆಚ್ಚು ಹಣ ಕೇಳಿದರೆ ಒಂದು ಯೂರೋ ಕೂಡ ಕೊಡಬೇಡಿ. ಬೆಲೆ ಏರಿಸಲು ಎಲ್ಲಕ್ಕಿಂತ ಮೊದಲು ಹೊಡೆಯುವ ಅಚ್ಚು ಅದೇ.

ಇಸವಿಯನ್ನೂ ತಾಳೆ ನೋಡಿ. ತಯಾರಕರ ಹೆಸರು, ಊರಿನ ಬದಲು ಸಂಕೇತಾಕ್ಷರ ಬಂದಿದ್ದು 1940–41ರ ಸುಮಾರಿಗೆ. ‘ಜಿಎಕ್ಸ್‌ವೈ’ ಡ್ರೆಸ್ಡೆನ್‌ನ ಕ್ಲಿಂಗೆ ಸಂಸ್ಥೆಯದು. ಆ ಸಂಕೇತದ ಜೊತೆ 1936 ಇದ್ದರೆ ಕೈಬಿಡಿ. ‘ಪಿ.38’ (ಪಿ08ರ ಬದಲಿಗೆ 1938ರಲ್ಲಿ ಆಯ್ದ ಪಿಸ್ತೂಲ್) ಅಚ್ಚಿನ ಜೊತೆ 1937 ಇದ್ದರೂ ಅಷ್ಟೇ.

ಪ್ರಶ್ನೆ: ನನ್ನ ಬಳಿ ಇರೋ ಇನ್ನೊಂದು ಹೋಲ್‌ಸ್ಟರ್ ಮೇಲೆ ಅಚ್ಚೇ ಇಲ್ಲ. ಪಿ08ರದೋ ಪಿ38ರದೋ?

ಉತ್ತರ: ಮುಚ್ಚಳ ತೆರೆದು ಒಳಬದಿ ನೋಡಿ. ಪಿಸ್ತೂಲ್ ಬಿಚ್ಚುವ ಸಲಕರಣೆ ಇಡುವ ಪುಟ್ಟ ಜೇಬು ಇದ್ದರೆ ಪಿ08. ಪಿ38ರ ಗಟ್ಟಿ ಹೋಲ್‌ಸ್ಟರ್‌ಗೆ ಅದಿಲ್ಲ. ಪಿ08ರ ಮಾಮೂಲಿ ನಳಿಗೆ 100 ಮಿ.ಮೀ., ನೌಕಾಪಡೆಯದು 150, ಫಿರಂಗಿದಳದ್ದು 200. ಹೋಲ್‌ಸ್ಟರ್ ಉದ್ದವೂ ಅದಕ್ಕೆ ತಕ್ಕಂತೆ ಬದಲಾಗುತ್ತದೆ. ಮುಚ್ಚಳ ಬಕಲ್‌ಗೆ ಬದಲು ಗುಂಡಿಗೆ ಸಿಗುವಂತಿದ್ದರೆ ಪೂರ್ವ ಜರ್ಮನಿಯ ಪೊಲೀಸರದೋ ಎಂದು ವಿಚಾರಿಸಿ. ಯುದ್ಧ ಮುಗಿದ ಮೇಲೂ ಅಲ್ಲಿ ಪಿ08 ಬಳಕೆಯಲ್ಲಿತ್ತು.

ಪ್ರಶ್ನೆ: ನೇರಳಾತೀತ ಟಾರ್ಚ್ ಕೊಳ್ಳಲೇ?

ಉತ್ತರ: ಕೊಳ್ಳಿ, ಆದರೆ ಅದೊಂದನ್ನೇ ನಂಬಬೇಡಿ. ಕತ್ತಲಲ್ಲಿ ಹಿಡಿದಾಗ ಹೊಲಿಗೆ ನೂಲು ನೀಲಿ-ಬಿಳಿಯಾಗಿ ಹೊಳೆದರೆ ಯುದ್ಧಾನಂತರದ ನೂಲಿರಬಹುದು. ಆದರೆ ಅಸಲಿ ಹೋಲ್‌ಸ್ಟರ್‌ನ ಒಂದು ಪಟ್ಟಿಯನ್ನಷ್ಟೇ ಮತ್ತೆ ಹೊಲಿದಿರಬಹುದು, ಈಗಿನ ಸೋಪು ತಗುಲಿದ ಹಳೇ ನೂಲೂ ಹೊಳೆಯಬಹುದು. ಎಲ್ಲ ಹೊಲಿಗೆಯೂ ಒಂದೇ ಥರ ಹೊಳೆದರೆ ಮಾತ್ರ ಅನುಮಾನ ಗಟ್ಟಿ. ಇನ್ನು, ತೊಗಲಿಗೆ ಎಣ್ಣೆ ಬಳಿಯಬೇಡಿ. ಅದು ಅಚ್ಚನ್ನು ಊದಿಸಿ ಮಬ್ಬು ಮಾಡುತ್ತದೆ, ಬಣ್ಣವನ್ನೂ ಕರಗಿಸುತ್ತದೆ. ಹಿತ್ತಾಳೆ ಬಕಲ್ ಸುತ್ತ ಹಸಿರು ಕಿಲುಬು ಕಟ್ಟುತ್ತದೆ. ಒಳಗೆ ಆಮ್ಲರಹಿತ ಕಾಗದ ತುಂಬಿ, ಮುಚ್ಚಳ ಬಿಗಿಯದೆ ಇಡಿ.