ಲಿನಕ್ಸ್ ಹಾಕಿದೆ, ವೈಫೈ ಕಾಣೆಯಾಗಿದೆ: ತಂತ್ರಜ್ಞರನ್ನು ಕೇಳಿ

ಪ್ರಶ್ನೆ (ಸಾಗರದ ಶಿಕ್ಷಕಿ)
ನಮಸ್ಕಾರ ಸರ್. ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಮನೆಯಲ್ಲಿರುವುದು ಹತ್ತು ವರ್ಷದ ಹಳೆಯ ಲ್ಯಾಪ್‌ಟಾಪ್. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು, ವಿಂಡೋಸ್ 11 ಈ ಯಂತ್ರಕ್ಕೆ ಹಿಡಿಸುವುದಿಲ್ಲ. ಕಳೆದ ಭಾನುವಾರ ಧೈರ್ಯ ಮಾಡಿ ವಿಂಡೋಸ್ ಬದಲು ಲಿನಕ್ಸ್ ಮಿಂಟ್ 22 ಎಂಬ ಕಾರ್ಯಾಚರಣಾ ವ್ಯವಸ್ಥೆ ಹಾಕಿದೆ. ಪರದೆ, ಧ್ವನಿ, ಟಚ್‌ಪ್ಯಾಡ್ ಎಲ್ಲವೂ ಸರಿ ಇವೆ. ವೈಫೈ ಮಾತ್ರ ಇಲ್ಲ. ಸಿಗ್ನಲ್ ಕಡಿಮೆ ಎಂದಲ್ಲ, ವೈಫೈ ಎಂಬ ಸಾಲೇ ಕಾಣುತ್ತಿಲ್ಲ. ಲ್ಯಾಪ್‌ಟಾಪ್ ಕಂಪನಿಯ ಜಾಲತಾಣದಿಂದ ಡ್ರೈವರ್ (ವೈಫೈ ನಡೆಸುವ ತಂತ್ರಾಂಶ) ಇಳಿಸಿ ಪೆನ್‌ಡ್ರೈವ್‌ನಲ್ಲಿ ತಂದೆ, ಅದು ತೆರೆಯಲೇ ಇಲ್ಲ. ಪೇಟೆಯ ಅಂಗಡಿಯವರು ಮತ್ತೆ ವಿಂಡೋಸ್ ಹಾಕಿಕೊಡಲು 1,500 ರೂಪಾಯಿ ಕೇಳುತ್ತಿದ್ದಾರೆ. ಕೊಟ್ಟುಬಿಡಲೇ?

ಉತ್ತರ
ಕೊಡಬೇಡಿ ಮೇಡಂ. ನೀವು ಇಳಿಸಿಕೊಂಡದ್ದು ವಿಂಡೋಸ್‌ಗಾಗಿ ಬರೆದ ಡ್ರೈವರ್, ಅದು ಇಲ್ಲಿ ಓಡುವುದಿಲ್ಲ. ಲಿನಕ್ಸ್‌ನಲ್ಲಿ ಬಹುಪಾಲು ಡ್ರೈವರ್‌ಗಳು ಕರ್ನಲ್ (ವ್ಯವಸ್ಥೆಯ ತಿರುಳು) ಜೊತೆಗೇ ಬಂದಿರುತ್ತವೆ. ನಿಮ್ಮ ಧ್ವನಿ, ಪರದೆ, ಟಚ್‌ಪ್ಯಾಡ್ ಯಾರೂ ಏನೂ ಹಾಕದೆ ನಡೆಯುತ್ತಿರುವುದು ಅದಕ್ಕೇ. ಹಾಗಾಗಿ ‘ಡ್ರೈವರ್ ಎಲ್ಲಿ ಸಿಗುತ್ತದೆ’ ಎಂದು ಊರೆಲ್ಲ ಹುಡುಕುವ ಮೊದಲು ಒಳಗಿರುವ ಚಿಪ್ ಯಾವುದೆಂದು ಯಂತ್ರವನ್ನೇ ಕೇಳಬೇಕು. ಲ್ಯಾಪ್‌ಟಾಪಿನ ಮೇಲಿರುವ ಹೆಸರು ಇದಕ್ಕೆ ಉಪಯೋಗವಿಲ್ಲ. ಒಂದೇ ಹೆಸರಿನ ಎರಡು ಲ್ಯಾಪ್‌ಟಾಪ್‌ಗಳಲ್ಲಿ ಬೇರೆ ಬೇರೆ ವೈಫೈ ಚಿಪ್ ಇರುವುದನ್ನು ನಾನೇ ಬಿಚ್ಚಿ ನೋಡಿದ್ದೇನೆ.

ಟರ್ಮಿನಲ್ (ಆದೇಶಗಳನ್ನು ಟೈಪ್ ಮಾಡುವ ಕಿಟಕಿ) ತೆರೆದು ಎಲ್‌ಎಸ್‌ಪಿಸಿಐ ಎಂಬ ಆದೇಶ ಬರೆಯಿರಿ. ಒಂದು ಜಾಗ ಬಿಟ್ಟು ಅಡ್ಡಗೆರೆ, ಅದಕ್ಕೆ ಅಂಟಿಕೊಂಡಂತೆ ಎನ್, ಎನ್, ಕೆ. ಎಲ್ಲವೂ ಇಂಗ್ಲಿಷಿನ ಸಣ್ಣ ಅಕ್ಷರಗಳು. ಬರುವ ಪಟ್ಟಿಯಲ್ಲಿ ‘ನೆಟ್‌ವರ್ಕ್ ಕಂಟ್ರೋಲರ್’ ಎಂಬ ಸಾಲನ್ನೂ ಅದರ ಕೆಳಗಿನ ಮೂರು ಸಾಲುಗಳನ್ನೂ ಇಲ್ಲಿ ಹಾಕಿ. ಚೌಕ ಆವರಣದಲ್ಲಿರುವ ಸಂಖ್ಯೆಯನ್ನು ಬಿಡಬೇಡಿ, ನನಗೆ ಬೇಕಿರುವುದು ಅದೇ.

ಶಿಕ್ಷಕಿ
ಬ್ರಾಡ್‌ಕಾಮ್ ಬಿಸಿಎಂ43142 ಎಂದಿದೆ ಸರ್. ಆವರಣದಲ್ಲಿ 14ಇ4:4365. ಕೆಳಗೆ ‘ಕರ್ನಲ್ ಡ್ರೈವರ್ ಇನ್ ಯೂಸ್’ ಎಂಬಲ್ಲಿ ಬಿಸಿಎಂಎ-ಪಿಸಿಐ-ಬ್ರಿಡ್ಜ್ ಎಂದು ಬರುತ್ತಿದೆ. ಅಂದರೆ ಡ್ರೈವರ್ ಇದೆ ಎಂದೇ ಅರ್ಥವಲ್ಲವೇ?

ಉತ್ತರ
ಒಳ್ಳೆಯ ಪ್ರಶ್ನೆ. ಇಲ್ಲ, ಅದು ಬರೀ ಬಾಗಿಲು ತೆರೆಯುವವನು, ಒಳಗಿನ ಕೆಲಸ ಅವನಿಗೆ ಗೊತ್ತಿಲ್ಲ. ಆ ಸಂಖ್ಯೆಯಲ್ಲಿ 14ಇ4 ಎಂಬುದು ತಯಾರಕರ ಗುರುತು, 4365 ಚಿಪ್ಪಿನ ಗುರುತು. ಈ ಚಿಪ್ಪಿಗೆ ಕರ್ನಲ್ ಒಳಗೆ ಡ್ರೈವರ್ ಇಲ್ಲ. ಡಬ್ಲ್ಯುಎಲ್ ಎಂಬ ತಯಾರಕರ ಡ್ರೈವರೇ ಬೇಕು. ಮಿಂಟ್ ಮತ್ತು ಅದರ ಸೋದರ ಲಿನಕ್ಸ್ ಉಬುಂಟುಗಳಲ್ಲಿ ಅದರ ಪ್ಯಾಕೇಜಿನ ಹೆಸರು ಬಿಸಿಎಂಡಬ್ಲ್ಯುಎಲ್-ಕರ್ನಲ್-ಸೋರ್ಸ್, ಡೆಬಿಯನ್ ಎಂಬ ಇನ್ನೊಂದು ಲಿನಕ್ಸ್‌ನಲ್ಲಿ ಬ್ರಾಡ್‌ಕಾಮ್-ಎಸ್‌ಟಿಎ-ಡಿಕೆಎಂಎಸ್.

ವೈಫೈ ಇಲ್ಲದೆ ವೈಫೈ ಡ್ರೈವರ್ ಇಳಿಸುವುದು ಹೇಗೆ ಎಂದು ನೀವು ಕೇಳುವ ಮೊದಲೇ ಹೇಳುತ್ತೇನೆ. ಆಂಡ್ರಾಯ್ಡ್ ಮೊಬೈಲನ್ನು ಕೇಬಲ್‌ನಿಂದ ಲ್ಯಾಪ್‌ಟಾಪಿಗೆ ಜೋಡಿಸಿ, ಮೊಬೈಲಿನ ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಲಿನಕ್ಸ್ ಅದನ್ನು ತಂತಿಯ ಇಂಟರ್ನೆಟ್ ಎಂದೇ ನಂಬುತ್ತದೆ, ಬೇರೆ ಡ್ರೈವರ್ ಕೇಳುವುದಿಲ್ಲ. ಆ ಆಯ್ಕೆ ಮಸುಕಾಗಿ ಕಂಡರೆ ಕೇಬಲ್ ಬದಲಿಸಿ. ಕೆಲವು ಅಗ್ಗದ ಕೇಬಲ್‌ಗಳು ಚಾರ್ಜ್ ಮಾಡುತ್ತವೆ, ಡೇಟಾ ಸಾಗಿಸುವುದಿಲ್ಲ. ನಂತರ ಮೆನುವಿನಲ್ಲಿ ‘ಡ್ರೈವರ್ ಮ್ಯಾನೇಜರ್’ ತೆರೆದರೆ ಬ್ರಾಡ್‌ಕಾಮ್ ಕಾಣುತ್ತದೆ. ಆರಿಸಿ, ಹಾಕಿ, ಮತ್ತೆ ಚಾಲೂ ಮಾಡಿ.

ಶಿಕ್ಷಕಿ
ಹಾಕಿದೆ. ನಡುವೆ ಒಂದು ಪಾಸ್‌ವರ್ಡ್ ಕೇಳಿತು, ಏನೋ ಕೊಟ್ಟೆ. ಮತ್ತೆ ಚಾಲೂ ಮಾಡಿದಾಗ ಇಡೀ ಪರದೆ ನೀಲಿಯಾಯಿತು! ವಿಂಡೋಸ್‌ನ ನೀಲಿ ಪರದೆಯ ನೆನಪಾಗಿ ಗಾಬರಿಯಲ್ಲಿ ಪವರ್ ಗುಂಡಿ ಒತ್ತಿ ಹಿಡಿದೆ. ಈಗ ಲ್ಯಾಪ್‌ಟಾಪ್ ತೆರೆಯುತ್ತದೆ, ಆದರೆ ವೈಫೈ ಇನ್ನೂ ಇಲ್ಲ.

ಉತ್ತರ
ಏನೂ ಕೆಟ್ಟಿಲ್ಲ ಮೇಡಂ. ಬಹಳ ಜನ ಮಾಡುವುದೇ ಇದು, ಮೊದಲ ಸಲ ನಾನೂ ಮಾಡಿದ್ದೆ.

ನಿಮ್ಮ ಯಂತ್ರದಲ್ಲಿ ಸೆಕ್ಯೂರ್ ಬೂಟ್ ಎಂಬ ಕಾವಲುಗಾರ ಇದ್ದಾನೆ. ಸಹಿ ಇಲ್ಲದ ಡ್ರೈವರನ್ನು ಆತ ಒಳಗೆ ಬಿಡುವುದಿಲ್ಲ. ಕರ್ನಲ್ ಜೊತೆ ಬಂದವುಗಳಿಗೆ ಸಹಿ ಮೊದಲೇ ಆಗಿರುತ್ತದೆ. ಈ ಡ್ರೈವರ್ ಹಾಗಲ್ಲ, ನಿಮ್ಮ ಯಂತ್ರದಲ್ಲೇ ಈಗ ತಯಾರಾದದ್ದು. ಅದರ ಸಹಿಗೆಂದು ಮಿಂಟ್ ನಿಮ್ಮ ಯಂತ್ರದಲ್ಲೇ ಒಂದು ಕೀಲಿ ಮಾಡಿಕೊಂಡಿದೆ. ‘ಈ ಕೀಲಿ ನನ್ನದೇ, ನಂಬು’ ಎಂದು ಯಂತ್ರದ ಮುಂದೆ ಕುಳಿತ ಮನುಷ್ಯರೇ ಒಪ್ಪಿಗೆ ಕೊಡಬೇಕು. ಆ ನೀಲಿ ಪರದೆ ಬಂದದ್ದು ಅದನ್ನು ಕೇಳಲು.

ಟರ್ಮಿನಲ್‌ನಲ್ಲಿ ಸುಡೊ (ಆಡಳಿತಗಾರರ ಅಧಿಕಾರದಿಂದ ನಡೆಸು ಎಂದರ್ಥ) ಬರೆದು, ಅಪ್‌ಡೇಟ್-ಸೆಕ್ಯೂರ್‌ಬೂಟ್-ಪಾಲಿಸಿ ಎಂಬ ಆದೇಶದ ನಂತರ ಒಂದು ಜಾಗ ಬಿಟ್ಟು ಎರಡು ಅಡ್ಡಗೆರೆಯೊಂದಿಗೆ ಎನ್‌ರೋಲ್-ಕೀ ಸೇರಿಸಿ ಕೊಡಿ. ಮತ್ತೆ ಪಾಸ್‌ವರ್ಡ್ ಕೇಳುತ್ತದೆ. ಈ ಸಲ ‘ಏನೋ’ ಕೊಡದೆ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಒಂದೇ ಸಲ ಬೇಕಾಗುವುದು. ಮತ್ತೆ ಚಾಲೂ ಮಾಡಿದಾಗ ನೀಲಿ ಪರದೆ ಹತ್ತು ಸೆಕೆಂಡು ಮಾತ್ರ ಕಾಯುತ್ತದೆ, ಅಷ್ಟರೊಳಗೆ ಕೀಲಿಮಣೆಯ ಯಾವುದಾದರೂ ಗುಂಡಿ ಒತ್ತಿ. ಮುಂದೆ ಕ್ರಮವಾಗಿ ‘ಎನ್‌ರೋಲ್ ಮೋಕ್’ (ಕೀಲಿ ಸೇರಿಸು ಎಂದರ್ಥ), ‘ಕಂಟಿನ್ಯೂ’, ‘ಯೆಸ್’, ಚೀಟಿಯ ಪಾಸ್‌ವರ್ಡ್, ‘ರೀಬೂಟ್’. ಮೌಸ್ ಅಲ್ಲಿ ನಡೆಯುವುದಿಲ್ಲ, ಬಾಣದ ಕೀಲಿಗಳೇ ಗತಿ.

ಬಯಾಸ್‌ಗೆ (ಯಂತ್ರದ ಮೂಲ ಸೆಟ್ಟಿಂಗ್‌ಗಳಿಗೆ) ಹೋಗಿ ಸೆಕ್ಯೂರ್ ಬೂಟ್ ಆಫ್ ಮಾಡಿ ಎಂದು ಯಾರಾದರೂ ಹೇಳಬಹುದು. ಅದೂ ನಡೆಯುತ್ತದೆ. ಆದರೆ ಎರಡು ನಿಮಿಷದ ಕೆಲಸಕ್ಕೆ ಕಾವಲುಗಾರನನ್ನೇ ಮನೆಗೆ ಕಳಿಸುವುದು ನನಗೆ ಸರಿ ಕಾಣುವುದಿಲ್ಲ.

ನಡುವೆ ಇನ್ನೊಬ್ಬರು (ಹುಬ್ಬಳ್ಳಿ, ಡಿಟಿಪಿ ಅಂಗಡಿ)
ಸರ್, ನನ್ನದೂ ಸೇರಿಸುತ್ತೇನೆ. ಎಚ್‌ಪಿ ಲೇಸರ್‌ಜೆಟ್ 1020 ಇದೆ. ಉಬುಂಟು ಪ್ರಿಂಟರನ್ನು ಗುರುತಿಸುತ್ತದೆ, ಪ್ರಿಂಟ್ ಕೊಟ್ಟರೆ ‘ಮುಗಿಯಿತು’ ಎನ್ನುತ್ತದೆ, ಹಾಳೆ ಮಾತ್ರ ಹೊರಬರುವುದಿಲ್ಲ.

ಉತ್ತರ
ನಿಮ್ಮ ವಿಷಯದಲ್ಲಿ ಡ್ರೈವರ್ ಇದೆ, ಫರ್ಮ್‌ವೇರ್ ಇಲ್ಲ. ಡ್ರೈವರ್ ಎಂದರೆ ಕಂಪ್ಯೂಟರಿನಲ್ಲಿ ಕುಳಿತು ಯಂತ್ರದೊಡನೆ ಮಾತಾಡುವ ತಂತ್ರಾಂಶ. ಫರ್ಮ್‌ವೇರ್ ಎಂದರೆ ಆ ಯಂತ್ರದ ಒಳಗೇ ಓಡುವ ತಂತ್ರಾಂಶ. 1020ರ ವಿಚಿತ್ರವೆಂದರೆ ತನ್ನ ಫರ್ಮ್‌ವೇರನ್ನು ಅದು ಒಳಗೆ ಉಳಿಸಿಕೊಳ್ಳುವುದಿಲ್ಲ. ಆಫ್ ಮಾಡಿದರೆ ಮರೆತುಬಿಡುತ್ತದೆ, ಪ್ರತಿ ಬೆಳಗ್ಗೆ ಆನ್ ಮಾಡಿದಾಗ ಕಂಪ್ಯೂಟರ್ ಮತ್ತೆ ಊಡಿಸಬೇಕು. ಎಚ್‌ಪಿಲಿಪ್ ಪ್ಯಾಕೇಜ್ ಹಾಕಿ, ಎಚ್‌ಪಿ-ಪ್ಲಗಿನ್ ಎಂಬ ಆದೇಶ ಕೊಡಿ, ಷರತ್ತುಗಳನ್ನು ಒಪ್ಪಿ, ಪ್ರಿಂಟರನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ. ಪ್ಲಗಿನ್ ಮತ್ತು ಎಚ್‌ಪಿಲಿಪ್ ಎರಡರ ಆವೃತ್ತಿಯೂ ಒಂದೇ ಇರಬೇಕು, ಹಾಗಾಗಿ ಒಂದನ್ನು ಉಬುಂಟುವಿನಿಂದ, ಇನ್ನೊಂದನ್ನು ಬೇರೆಡೆಯಿಂದ ತರಬೇಡಿ.

ಹುಬ್ಬಳ್ಳಿಯವರು
ಪಕ್ಕದಲ್ಲೇ ಕ್ಯಾನನ್ ಎಲ್‌ಬಿಪಿ 2900 ಕೂಡ ಇದೆ...

ಉತ್ತರ
ಅದು ಮಾತಾಡುವುದು ಕ್ಯಾಪ್ಟ್ ಎಂಬ ಸ್ವಂತ ಭಾಷೆ. ಲಿನಕ್ಸ್‌ಗೆ ಕಂಪನಿಯೇ ಕೊಟ್ಟ ಡ್ರೈವರ್ ಇದೆ. ಆದರೆ ಅದಕ್ಕೆ 32 ಬಿಟ್ ಲೈಬ್ರರಿಗಳು ಬೇಕು, ಹಿನ್ನೆಲೆಯಲ್ಲಿ ಒಂದು ಸೇವೆಯೂ ಓಡುತ್ತಿರಬೇಕು. ಭಾನುವಾರ ಪೂರ್ತಿ ಬಿಡುವಿದ್ದರೆ ಕೈ ಹಾಕಿ, ಸೋಮವಾರ ಗಿರಾಕಿಗಳು ಬರುವಂತಿದ್ದರೆ ಬೇಡ.

ಮಂಗಳೂರಿನ ವಿದ್ಯಾರ್ಥಿ
ಸರ್, ನನ್ನದು ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್. ಉಬುಂಟು ಹಾಕಿದ ಮೇಲೆ ಲೋಗೊ ಬಂದು ಪರದೆ ಕಪ್ಪಾಗುತ್ತದೆ.

ಉತ್ತರ
ಯಂತ್ರ ಚಾಲೂ ಆಗುವಾಗ ಬರುವ ಗ್ರಬ್ ಮೆನುವಿನಲ್ಲಿ ಉಬುಂಟು ಸಾಲಿನ ಮೇಲೆ ನಿಂತು ಇ ಒತ್ತಿ. ‘ಕ್ವಯಟ್ ಸ್ಪ್ಲಾಷ್’ ಎಂಬ ಪದಗಳ ನಂತರ ಒಂದು ಜಾಗ ಬಿಟ್ಟು ನೋಮೋಡ್‌ಸೆಟ್ ಎಂದು ಬರೆದು ಎಫ್10 ಒತ್ತಿ. ಈ ಬದಲಾವಣೆ ಒಂದು ಸಲಕ್ಕೆ ಮಾತ್ರ, ಹೆದರಬೇಡಿ. ಒಳಗೆ ಹೋದ ಮೇಲೆ ‘ಅಡಿಷನಲ್ ಡ್ರೈವರ್ಸ್’ ತೆರೆದು, ಶಿಫಾರಸು ಮಾಡಿದ್ದೆಂದು ಗುರುತು ಹಾಕಿರುವುದನ್ನೇ ಆರಿಸಿ. ದೊಡ್ಡ ಸಂಖ್ಯೆಯ ಆವೃತ್ತಿ ಕಂಡಿತೆಂದು ಆಸೆಪಡಬೇಡಿ. ಎನ್‌ವಿಡಿಯಾ ಜಾಲತಾಣದ ಇನ್‌ಸ್ಟಾಲರ್ ಅಂತೂ ಬೇಡವೇ ಬೇಡ. ಇವತ್ತು ನಡೆಯುತ್ತದೆ, ಮುಂದಿನ ಕರ್ನಲ್ ಅಪ್‌ಡೇಟ್ ದಿನ ಮತ್ತೆ ಕಪ್ಪು ಪರದೆ ನೋಡುತ್ತೀರಿ.

ಶಿಕ್ಷಕಿ
ಸರ್, ವೈಫೈ ಬಂತು! ಚೀಟಿ ಉಪಯೋಗಕ್ಕೆ ಬಂತು. ಆದರೆ ನಮ್ಮ ಮನೆಯಲ್ಲಿ ವೈಫೈಗೆ ಎರಡು ಹೆಸರುಗಳಿವೆ, ಇದರಲ್ಲಿ ಒಂದೇ ಕಾಣುತ್ತಿದೆ. ಬ್ಲೂಟೂತ್ ಹೆಡ್‌ಫೋನ್ ಕೂಡ ಸೇರುತ್ತಿಲ್ಲ. ಮತ್ತೆ, ಕರ್ನಲ್ ಅಪ್‌ಡೇಟ್ ಎಂದಿರಲ್ಲ, ನನಗೂ ಹಾಗಾಗುತ್ತದೆಯೇ?

ಉತ್ತರ
ಕಾಣದ ಹೆಸರು 5 ಗಿಗಾಹರ್ಟ್ಸ್‌ನದು. ಈ ಚಿಪ್ಪಿಗೆ 2.4 ಮಾತ್ರ ಕೇಳಿಸುತ್ತದೆ, ವಿಂಡೋಸ್‌ನಲ್ಲೂ ಹಾಗೇ ಇತ್ತು, ನೀವು ಗಮನಿಸಿರಲಿಕ್ಕಿಲ್ಲ. ಬ್ಲೂಟೂತ್‌ಗೆ ಬೇರೆಯೇ ಫರ್ಮ್‌ವೇರ್ ಕಡತ ಬೇಕು, ಹುಬ್ಬಳ್ಳಿಯವರ ಪ್ರಿಂಟರಿನ ಕಥೆಯೇ. ಡಿಮೆಸೆಜ್ ಎಂಬ ಆದೇಶವನ್ನು ಸುಡೊ ಜೊತೆ ಕೊಟ್ಟರೆ ಯಾವ ಕಡತ ಸಿಗಲಿಲ್ಲವೆಂದು ಹೆಸರು ಹಿಡಿದು ಹೇಳುತ್ತದೆ. ಹೆಸರಿನ ಕೊನೆ ಎಚ್‌ಸಿಡಿ ಎಂದಿರುತ್ತದೆ. ಆ ಸಾಲನ್ನು ಕಳಿಸಿ, ಎಲ್ಲಿ ಇಡಬೇಕೆಂದು ಹೇಳುತ್ತೇನೆ.

ಅಪ್‌ಡೇಟ್ ವಿಷಯ: ಹೊಸ ಕರ್ನಲ್ ಬಂದಾಗಲೆಲ್ಲ ನಿಮ್ಮ ಡ್ರೈವರನ್ನು ಅದಕ್ಕೆ ತಕ್ಕಂತೆ ಮತ್ತೆ ತಯಾರಿಸಲು ಡಿಕೆಎಂಎಸ್ ಎಂಬ ತಂತ್ರಾಂಶ ಇದೆ. ಅದಕ್ಕೆ ಲಿನಕ್ಸ್-ಹೆಡರ್ಸ್-ಜೆನೆರಿಕ್ ಪ್ಯಾಕೇಜ್ ಇರಲೇಬೇಕು, ಇದೆಯೇ ಎಂದು ಇವತ್ತೇ ನೋಡಿಕೊಳ್ಳಿ. ಎಂದಾದರೂ ಅಪ್‌ಡೇಟ್ ಆದ ಮರುದಿನ ವೈಫೈ ಮಾಯವಾದರೆ, ಚಾಲೂ ಆಗುವಾಗ ಗ್ರಬ್‌ನ ‘ಅಡ್ವಾನ್ಸ್ಡ್ ಆಪ್ಷನ್ಸ್’ಗೆ ಹೋಗಿ ಹಿಂದಿನ ಕರ್ನಲ್ ಆರಿಸಿ. ಅದನ್ನು ಮಿಂಟ್ ಅಳಿಸಿರುವುದಿಲ್ಲ. ವೈಫೈ ಅಲ್ಲಿ ನಡೆಯುತ್ತಿರುತ್ತದೆ, ನಿಧಾನವಾಗಿ ಇಲ್ಲಿಗೆ ಬಂದು ಬರೆಯಿರಿ.

ಶಿಕ್ಷಕಿ
ಕೊನೆಯದು ಸರ್. ನುಡಿ ಕೀಲಿಮಣೆಗೂ ಡ್ರೈವರ್ ಬೇಕೇ? ಪ್ರಶ್ನೆಪತ್ರಿಕೆ ಟೈಪ್ ಮಾಡಬೇಕು.

ಉತ್ತರ
ಬೇಡ. ಐಬಸ್-ಎಂ17ಎನ್ ಎಂಬ ಪ್ಯಾಕೇಜ್ ಹಾಕಿ, ಒಮ್ಮೆ ಲಾಗ್‌ಔಟ್ ಆಗಿ ಬನ್ನಿ. ಕನ್ನಡದ ಪಟ್ಟಿಯಲ್ಲಿ ಕೆಜಿಪಿ ಎಂದಿರುವುದೇ ನಿಮ್ಮ ನುಡಿಯ ಕಗಪ ವಿನ್ಯಾಸ, ಬೆರಳುಗಳಿಗೆ ಹೊಸದೇನೂ ಅನ್ನಿಸುವುದಿಲ್ಲ. ಹಳೆಯ ನುಡಿ ಅಕ್ಷರಗಳಲ್ಲಿ ಮಾಡಿಟ್ಟ ಪ್ರಶ್ನೆಪತ್ರಿಕೆಗಳನ್ನು ಮಾತ್ರ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು. ಅದನ್ನು ಪರೀಕ್ಷೆಯ ಹಿಂದಿನ ರಾತ್ರಿಗೆ ಇಟ್ಟುಕೊಳ್ಳಬೇಡಿ.